ಪುರುಸೊತ್ತು ಮಾಡಿಕೊಂಡವರು

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಅವರ ಫೋನ್ ನಂಬರಿನಿಂದಲೇ. ‘ನಮ್ಮೆಲ್ಲರ ಪ್ರೀತಿಯ ಉಪನ್ಯಾಸಕರು, ಶ್ರಮಜೀವಿ, ಇಂದು ಬೆಳಿಗ್ಗೆ ಲಿಂಗೈಕ್ಯರಾದರು’ ಎಂದು ಶುರುವಾಗುವ ಮೆಸೇಜು. ಮೇಲೆ ಅವರದೇ ನಗುಮುಖದ ಸಣ್ಣ ಫೋಟೊ. ಮನುಷ್ಯ ತನ್ನ ಸಾವನ್ನು ತಾನೇ ತಿಳಿಸುತ್ತಿರುವಂತೆ ಕಂಡಿತು. ಅವರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕುರುಗೋಡಿನ ಬಸ್ ನಿಲ್ದಾಣದ ಹತ್ತಿರ ಒಂದು ಝೆರಾಕ್ಸ್ ಅಂಗಡಿ ಇದೆ. ಆ ಅಂಗಡಿಯವನ ಕಂಪ್ಯೂಟರಿಗೆ ತಮ್ಮ ವಾಟ್ಸಾಪನ್ನು ಜೋಡಿಸಿ ಬಿಟ್ಟಿದ್ದರು. ಯುಗಾದಿಯ ಶುಭಾಶಯ, ಗೆಳೆಯರ ಮಕ್ಕಳ ಮದುವೆಗೆ ಹಾರೈಕೆ, ಯಾರಾದರೂ ಸತ್ತರೆ ಸಂತಾಪ, ಎಲ್ಲವನ್ನೂ ಅವನೇ ತನಗೆ ತೋಚಿದಂತೆ ಕಳಿಸುತ್ತಿದ್ದ. ಕೊನೆಯ ಸಂತಾಪವನ್ನೂ ಅವನೇ ಕಳಿಸಿದ. ‘ಶ್ರಮಜೀವಿ’ ಎಂಬ ಮಾತು ಮಾತ್ರ ಅವನಿಗೆ ಎಲ್ಲಿ ಸಿಕ್ಕಿತೋ ತಿಳಿಯದು.

ನಾವಿಬ್ಬರೂ ಸಿರುಗುಪ್ಪದ ಒಂದು ಖಾಸಗಿ ಕಾಲೇಜಿನಲ್ಲಿ, ಒಂದೇ ಸ್ಟಾಫ್ ರೂಮಿನಲ್ಲಿ, ಹನ್ನೊಂದು ವರ್ಷ ಕೂತವರು. ಅವರದು ಅರ್ಥಶಾಸ್ತ್ರ, ನನ್ನದು ಇತಿಹಾಸ. ಅವರು ಕುರುಗೋಡಿನಿಂದ ಬರುತ್ತಿದ್ದರು, ನಾನು ಬಳ್ಳಾರಿಯಿಂದ. ಈಗ ಹಳೆಯ ಸಹೋದ್ಯೋಗಿಗಳು ಸೇರಿ ಅವರ ನೆನಪಿಗೆ ಸಣ್ಣದೊಂದು ಪುಸ್ತಕ ತರುತ್ತಾರಂತೆ. “ಎರಡು ಪುಟ ಒಳ್ಳೇದು ಬರದು ಕೊಡ್ರಿ” ಎಂದು ನನ್ನನ್ನೂ ಕೇಳಿದರು. ಅವರ ಬಗ್ಗೆ ಒಳ್ಳೆಯದು ಎಂದು ಹೇಳಬಹುದಾದದ್ದು ನನ್ನ ಬಳಿ ಒಂದೇ ಒಂದು ಇದೆ. ಅದನ್ನು ಕಾಲೇಜಿನ ಪುಸ್ತಕದಲ್ಲಿ ಅಚ್ಚು ಹಾಕಿದರೆ ಒಬ್ಬಳ ಕೆಲಸ ಹೋಗುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹೇಳುವುದಿಲ್ಲ; ಉಳಿದವರ ಹೆಸರು ಬದಲಿಸಿದ್ದೇನೆ.

ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ಕಾಗದವನ್ನು ನಂಬು, ನೆನಪನ್ನು ನಂಬಬೇಡ ಎಂದು. ನನ್ನ ನೆನಪಂತೂ ನಂಬಿಕೆಗೆ ಯೋಗ್ಯವಾದದ್ದೇ ಅಲ್ಲ. ಇಷ್ಟವಿಲ್ಲದವರ ವಿಷಯದಲ್ಲಿ ಅದು ತನ್ನಷ್ಟಕ್ಕೆ ಒಂದಿಷ್ಟು ಉಪ್ಪು ಖಾರ ಸೇರಿಸಿಕೊಳ್ಳುತ್ತದೆ. ಅನುಮಾನ ಬಂದ ಕಡೆ ಹೇಳುತ್ತೇನೆ.

ಅವರನ್ನು ನಾನು ಸೋಮಾರಿ ಎಂದು ಕರೆಯುವುದಿಲ್ಲ. ಸೋಮಾರಿ ಕೆಲಸವನ್ನು ಹಾಗೇ ಬಿಡುತ್ತಾನೆ. ಇವರು ಬಿಡುತ್ತಿರಲಿಲ್ಲ, ಕೊಡುತ್ತಿದ್ದರು. ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತರೆಂದರೆ ಮೊದಲ ಅರ್ಧ ಗಂಟೆ ಅವರ ಹಂಚಿಕೆ ನಡೆಯುತ್ತಿತ್ತು. ಪಾಠದ ಟಿಪ್ಪಣಿ ಒಬ್ಬರಿಗೆ, ಪ್ರಶ್ನೆಪತ್ರಿಕೆ ತೆಗೆಯುವುದು ಇನ್ನೊಬ್ಬರಿಗೆ, ವರ್ಕ್ ಡೈರಿ ತುಂಬುವುದು ಮತ್ತೊಬ್ಬರಿಗೆ. ಕೊಡುವಾಗ ಒಂದು ನಗು, ಭುಜದ ಮೇಲೊಂದು ಕೈ. “ನಿಮ್ಮಷ್ಟು ಚೊಲೊ ನನಗ ಬರಂಗಿಲ್ರಿ” ಎಂಬ ಮಾತು. ಆ ಮಾತನ್ನು ಕೇಳಿ ನಾನೂ ಎರಡು ಸಲ ಅವರ ಪ್ರಶ್ನೆಪತ್ರಿಕೆ ತಿದ್ದಿಕೊಟ್ಟಿದ್ದೇನೆ. ಅರ್ಥಶಾಸ್ತ್ರದ ಗಂಧ ನನಗಿರಲಿಲ್ಲ. ಅವರಿಗೆ ಅದೊಂದು ಅಡ್ಡಿ ಅನ್ನಿಸಲಿಲ್ಲ.

“ಬ್ಯಾರೇವ್ರ ಕೈಲಿ ಆಗೋ ಕೆಲ್ಸಕ್ಕ ನನ್ನ ಕೈ ಯಾಕ್ರಿ ಸವಸ್ಬೇಕು?” ಅನ್ನುತ್ತಿದ್ದರು. “ಪುರುಸೊತ್ತು ತಾನಾಗೇ ಬರಂಗಿಲ್ರಿ. ನಾವಽ ಮಾಡ್ಕೋಬೇಕು.”

ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತರಗತಿಯ ಜಾಣರಿಗೇ ಹಂಚಿ ತಿದ್ದಿಸುತ್ತಿದ್ದರು. ಒಮ್ಮೆ ಒಬ್ಬನಿಗೆ ಅವನದೇ ಪತ್ರಿಕೆ ಹೋಗಿತ್ತಂತೆ. ಅವನು ಪ್ರಾಮಾಣಿಕ. ತನಗೆ ತಾನೇ ಎರಡು ಅಂಕ ಕಡಿಮೆ ಹಾಕಿಕೊಂಡು ತಂದುಕೊಟ್ಟನಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಇದನ್ನು ನಗುತ್ತ ನನಗೆ ಹೇಳಿದವರು ಅವರೇ, ತಮ್ಮ ಪದ್ಧತಿ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದಕ್ಕೆ ಉದಾಹರಣೆಯಾಗಿ.

ಸಕ್ಕರೆ ಕಾಯಿಲೆ ಬಂದಾಗ ಬಳ್ಳಾರಿಯ ಡಾಕ್ಟರು ದಿನಾ ನಡೆಯಬೇಕು ಎಂದರು. ಹೆಜ್ಜೆ ಎಣಿಸುವ ಕೈಗಡಿಯಾರವೊಂದನ್ನು ಅವರ ಅಳಿಯ ತಂದುಕೊಟ್ಟ. ಒಂದು ವಾರದಲ್ಲಿ ಆ ಗಡಿಯಾರ ಅಟೆಂಡರ್ ಎರ್ರೆಪ್ಪನ ಕೈಯಲ್ಲಿತ್ತು. ಎರ್ರೆಪ್ಪ ಕರೂರಿನವನು, ಫೈಲು, ಚಹಾ, ಗಂಟೆ, ಬೀಗ, ಎಲ್ಲಕ್ಕೂ ಇಡೀ ದಿನ ಕಾಲೇಜಿನ ಉದ್ದಗಲ ಓಡಾಡುವವನು.

“ಸರ್ ಇವತ್ತು ಎಷ್ಟು ನಡದ್ರೋ ಎರ್ರೆಪ್ಪ?” ಎಂದು ಸ್ಟಾಫ್ ರೂಮಿನಲ್ಲಿ ನಾವು ಕೇಳುವುದು.

“ಹನ್ನೊಂದು ಸಾವ್ರ ದಾಟ್ಯಾರ್ರಿ. ಅವ್ರ ಮೊಣಕಾಲು ಆರಾಮ ಅದಾವು, ನಂದಽ ಹಿಡ್ಕೊಂಡಾವು.”

ಇಡೀ ಕೋಣೆ ನಗುತ್ತಿತ್ತು. ಅವರೂ ನಗುತ್ತಿದ್ದರು. ಡಾಕ್ಟರಿಗೆ ಆ ಲೆಕ್ಕ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡು ಬಂದರು. ಎರ್ರೆಪ್ಪ ನಡೆದ ಸುದ್ದಿ ಅವರ ಮೈಯೊಳಗಿನ ಸಕ್ಕರೆಗೆ ಮಾತ್ರ ಮುಟ್ಟಲಿಲ್ಲ.

ಹೀಗೆ ಉಳಿಸಿದ ಹೊತ್ತನ್ನು ಏನು ಮಾಡುತ್ತಿದ್ದರು? ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಓದುತ್ತಿದ್ದರೆ, ಹಾಡುತ್ತಿದ್ದರೆ, ಕಡೆಗೆ ಇಸ್ಪೀಟು ಆಡುತ್ತಿದ್ದರೂ ನಾನು ಒಪ್ಪಿಕೊಳ್ಳುತ್ತಿದ್ದೆ. ಕಾಲೇಜಿನಲ್ಲಿದ್ದಾಗ ಫೋನಿನಲ್ಲಿ ವಿಡಿಯೊ ನೋಡುತ್ತಿದ್ದರು. ಯಾರೋ ಬಾವಿ ತೋಡುವುದು, ಯಾರೋ ಗಡಿಗೆ ಮಾಡುವುದು, ರೋಡ್ ರೋಲರು ಹಿಂದೆ ಮುಂದೆ ಹೋಗುವುದು. ಒಂದು ರಜೆಯ ದಿನ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿರುವ ಓಣಿಯಲ್ಲಿ ಹೋಗುತ್ತಿದ್ದೆ. ಒಂದು ಶೆಡ್ಡಿನ ಕಿಟಕಿಗೆ ಮುಖ ಒತ್ತಿಕೊಂಡು ಅವರು ನಿಂತಿದ್ದರು.

“ಏನ್ ಸರ್, ಇಲ್ಲಿ?”

“ಶ್! ಆ ಕೊನೀ ಹೆಣ್ಮಗಳನ್ನ ನೋಡ್ರಿ. ಮುಂಜಾನಿಂದ ಬರೀ ಜೇಬು ಹೊಲ್ಯಾಕತ್ತಾಳ. ಒಂದೂ ಸೊಟ್ಟ ಆಗಿಲ್ಲ. ಏನು ಕೈ ರೀ ಅದು!”

ಮುಂಜಾನೆಯಿಂದ ಅವರೂ ಅಲ್ಲೇ ಇದ್ದರು ಎಂದಾಯಿತು. ಕೆಲಸದಿಂದ ತಪ್ಪಿಸಿಕೊಂಡ ಮನುಷ್ಯ ತನ್ನ ಬಿಡುವನ್ನೆಲ್ಲ ಇನ್ನೊಬ್ಬರ ಕೆಲಸ ನೋಡುವುದಕ್ಕೆ ಸುರಿಯುತ್ತಿದ್ದ. ಮನೆಗೆ ಬಂದು ಹೆಂಡತಿಗೆ ಹೇಳಿ ಬೈದೆ. ಅವಳು ಈಗ ಹೇಳುವುದೇನೆಂದರೆ, ನಾನು ಅವತ್ತು ಹೇಳಿದ್ದು ಜೀನ್ಸ್ ಶೆಡ್ಡಲ್ಲ, ಪಂಕ್ಚರ್ ಅಂಗಡಿ ಅಂತೆ. ಇರಬಹುದು. ಕಿಟಕಿ ಮತ್ತು ಆ ಮುಖ ನನಗೆ ಸ್ಪಷ್ಟವಾಗಿದೆ. ಪಂಕ್ಚರ್ ಅಂಗಡಿಗೆ ಕಿಟಕಿ ಇರುವುದಿಲ್ಲ ಎಂದು ಅವಳಿಗೆ ಹೇಳಿ ನೋಡಿದೆ. ಒಪ್ಪಲಿಲ್ಲ.

ಅವರ ಮನೆ ಕುರುಗೋಡಿನಲ್ಲಿ, ಬಂಡೆಗಳ ಗುಡ್ಡ ಕಾಣುವ ಬೀದಿಯಲ್ಲಿ. ಅಂಜೂರದ ತೋಟವೊಂದಿತ್ತು, ಅದನ್ನು ಪಾಲಿಗೆ ಕೊಟ್ಟಿದ್ದರು. ಅದರಲ್ಲಿ ತಪ್ಪೇನಿಲ್ಲ, ಎಲ್ಲರೂ ಕೊಡುತ್ತಾರೆ. ಆದರೆ ಹಣ್ಣು ಹೇಗಿದೆ ಎಂದು ತಿಂದು ನೋಡುವುದನ್ನೂ ಪಾಲಿನವನಿಗೇ ಬಿಟ್ಟಿದ್ದರು. ಒಮ್ಮೆ ಊಟಕ್ಕೆ ಕರೆದಿದ್ದರು. ರೊಟ್ಟಿ ಹೊರಗಿನಿಂದ ಬಂತು, ಪಲ್ಯ ಇನ್ನೊಂದು ಮನೆಯಿಂದ ಬಂತು. ದೇವರ ಕೋಣೆಯ ಪೂಜೆಗೆ ಒಬ್ಬ ಅಯ್ಯನವರು ಬಂದು ಹೋದರು. ನಾನು ಸುಮ್ಮನಿರಲಾರದೆ ಕೇಳಿದೆ: “ಇಷ್ಟಲಿಂಗದ ಪೂಜೀನೂ ಕೊಟ್ಟೀರೇನ್ರಿ ಸರ್?”

“ಕೇಳ್ದೆ ರೀ” ಎಂದರು, ಬೇಸರವೇನೂ ಇಲ್ಲದೆ. “ಅದು ನನ್ನ ಅಂಗೈ ಮ್ಯಾಲಽ ಆಗ್ಬೇಕಂತ. ಅಯ್ನೋರು ಹಟಾ ಹಿಡದ್ರು.”

ಅವರ ಹೆಂಡತಿ ಒಳಗಿನಿಂದ ತಾಟು ತರುತ್ತಿದ್ದವರು ಅಲ್ಲೇ ನಿಂತರು. “ಇವ್ರಿಗೆ ನೀರಡಿಕಿ ಆದ್ರ ನನಗ ಕುಡಿ ಅಂತಾರ್ರಿ. ಮದಿವಿ ಆದಾಗಿಂದ ಎಷ್ಟು ನೀರು ಕುಡದೀನಿ ಅಂತ ನನಗಽ ಗೊತ್ತು.”

ಅವರು ಗಹಗಹಿಸಿ ನಕ್ಕರು. ಅವರನ್ನು ಬೈಯುವುದು ಕಷ್ಟವಾಗುತ್ತಿದ್ದದ್ದು ಇದಕ್ಕೇ. ಬೈದರೆ ನಗುತ್ತಿದ್ದರು. ನಾಚಿಕೆಪಡುವ ಕೆಲಸವನ್ನೂ ನಮಗೇ ವಹಿಸಿದ್ದರು.

ಇಲ್ಲಿಯವರೆಗೆ ಇದು ನಗೆಯ ಕತೆ. ಇನ್ನು ಹುಲಿಗೆಮ್ಮನ ವಿಷಯ.

ಹುಲಿಗೆಮ್ಮ ದೇಶನೂರಿನವಳು. ಅಪ್ಪ ಅವ್ವ ಗದ್ದೆಯ ಕೂಲಿ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ನಮ್ಮ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದಳು. ಅತಿಥಿ ಎಂಬ ಮಾತೇ ಹೇಳುವಂತೆ, ಯಾವಾಗ ಬೇಕಾದರೂ ಎದ್ದು ಹೋಗು ಎನ್ನಬಹುದಾದ ಕೆಲಸ. ವಾರಕ್ಕೆ ಎಂಟು ತಾಸು ಪಾಠ ಅವಳ ಹೆಸರಿನಲ್ಲಿತ್ತು. ಬಂದ ಎರಡನೇ ತಿಂಗಳಲ್ಲಿ ಅವರು ತಮ್ಮ ತಾಸುಗಳನ್ನು ಒಂದೊಂದಾಗಿ ಅವಳ ಕೈಗೆ ಇಡಲು ಶುರು ಮಾಡಿದರು. “ನಿಮ್ಗ ಅನುಭವ ಆಗ್ತತಿ ಮೇಡಂ. ನಾಳಿಗೆ ಕಾಯಂ ಮಾಡೋವಾಗ ನಾನಽ ಹೇಳ್ತೀನಿ.” ವರ್ಷ ತುಂಬುವುದರೊಳಗೆ ಅವರ ಹದಿನಾರು ತಾಸುಗಳಲ್ಲಿ ಹನ್ನೆರಡನ್ನು ಅವಳೇ ನಡೆಸುತ್ತಿದ್ದಳು. ಹೀಗೆ ಆರು ವರ್ಷ. ವೇಳಾಪಟ್ಟಿಯಲ್ಲಿ ಅವರ ಹೆಸರು, ಹಲಗೆಯ ಮುಂದೆ ಅವಳು.

ಒಂದು ಸಲ ಅವರು ಯಾಕೋ ತರಗತಿಯ ಬಾಗಿಲಿಗೆ ಹೋಗಿ ಇಣುಕಿದರು. ಮೊದಲ ಬೆಂಚಿನ ಹುಡುಗಿ ಎದ್ದು ನಿಂತು ವಿನಯದಿಂದ ಕೇಳಿದಳು: “ಯಾರು ಬೇಕಾಗಿತ್ರಿ?”

ರಿಜಿಸ್ಟರಿನ ಸಹಿಯ ವಿಷಯ ಈಗಲೇ ಹೇಳಬೇಕು. ಪ್ರತಿ ತಾಸು ಆದ ಮೇಲೆ ಪಾಠ ಮಾಡಿದವರು ತರಗತಿಯ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಅವರ ತಾಸು ಅಂದರೆ ಅವರ ಸಹಿ. ಅದನ್ನು ಹಾಕಲು ಮಹಡಿ ಹತ್ತುವುದು ಅವರಿಗೆ ಬೇಸರ. ರಿಜಿಸ್ಟರು ಹೊರುವವನು ಎರ್ರೆಪ್ಪ. ಹಾಗಾಗಿ ಎರ್ರೆಪ್ಪನೇ ಹಾಕತೊಡಗಿದ. ಅವರ ಸ್ವಂತ ಸಹಿ ಹೇಗಿತ್ತೋ ಆಗ ನಾನು ನೋಡಿರಲಿಲ್ಲ. ಎರ್ರೆಪ್ಪನದು ನೋಡುವಂತಿತ್ತು. ದೊಡ್ಡ ಮೊದಲಕ್ಷರ, ಉದ್ದವಾದ ಬಾಲ, ಬಾಲದ ಕೆಳಗೆ ಎರಡು ಚುಕ್ಕೆ. ಆಮೇಲೆ ಹಾಜರಿ ಪುಸ್ತಕ, ರಜೆಯ ಅರ್ಜಿ, ಕಾಲೇಜಿನ ಎಲ್ಲ ಕಾಗದಕ್ಕೂ ಅದೇ ಸಹಿ ನಡೆಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ನಿವೃತ್ತಿಯ ದಿನ ಅವರ ಕೃತಜ್ಞತೆಯ ಭಾಷಣವನ್ನು ನನ್ನಿಂದ ಬರೆಸಿಕೊಂಡರು. ನಾನು ಬೇಕೆಂದೇ ‘ನನ್ನ ಮೂವತ್ತು ವರ್ಷಗಳ ಬೆವರಿನ ದುಡಿಮೆ’ ಎಂದು ಹಾಕಿದ್ದೆ. ಅಲ್ಲಿ ತಡವರಿಸುತ್ತಾರೆ ಅಂದುಕೊಂಡಿದ್ದೆ. ನಿರಾಳವಾಗಿ ಓದಿ ಕಣ್ಣು ಒರೆಸಿಕೊಂಡರು.

ಅವರು ನಿವೃತ್ತರಾದ ಮರುವರ್ಷ ಬಳ್ಳಾರಿಯಲ್ಲಿರುವ ನಮ್ಮ ಸಂಸ್ಥೆಯ ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಬಂತು. ವಾರಕ್ಕೆ ಹದಿನಾರು ತಾಸಿನಂತೆ ಐದು ವರ್ಷ ಪಾಠ ಮಾಡಿದ ಅತಿಥಿ ಉಪನ್ಯಾಸಕರನ್ನು ಕಾಯಂ ಮಾಡಲಾಗುವುದು. ಉಳಿದವರ ಸೇವೆ ಈ ವರ್ಷಕ್ಕೆ ಮುಗಿಯುತ್ತದೆ. ಹುಲಿಗೆಮ್ಮ ಪಾಠ ಮಾಡಿದ್ದು ಇಪ್ಪತ್ತು ತಾಸು. ರಿಜಿಸ್ಟರಿನಲ್ಲಿ ಇದ್ದದ್ದು ಎಂಟು.

ಕಚೇರಿಯ ಗುಮಾಸ್ತರು ಒಂದು ದಾರಿ ಹೇಳಿದರು. ಆ ತಾಸುಗಳು ಯಾರ ಹೆಸರಿನಲ್ಲಿವೆಯೋ ಅವರೇ, ಪಾಠ ಮಾಡಿದ್ದು ತಾನಲ್ಲ, ಇವಳು ಎಂದು ಬರೆದುಕೊಡಬೇಕು.

“ಕೊಡ್ತಾರೇನ್ರಿ ಸರ್?” ಎಂದು ಹುಲಿಗೆಮ್ಮ ನನ್ನನ್ನು ಕೇಳಿದಳು.

“ಆಸೆ ಇಟ್ಕೋಬ್ಯಾಡ್ರಿ” ಎಂದೆ. “ಆರು ವರ್ಷ ಸುಮ್ನ ಪಗಾರ ತಿಂದೆ ಅಂತ ತಮ್ಮ ಬಾಯಿಲೆ ತಾವಽ ಹೇಳ್ದಂಗ ಅದು. ಪೆನ್ಶನ್ ನಿಲ್ಲಿಸಿದ್ರ?”

ಆದರೂ ಒಂದು ಸೋಮವಾರ ಇಬ್ಬರೂ ಕುರುಗೋಡಿಗೆ ಹೋದೆವು. ಅವಳು ಪತ್ರವನ್ನು ಟೈಪ್ ಮಾಡಿಸಿ ತಂದಿದ್ದಳು. ಅವರು ಸಹಿಯಷ್ಟೇ ಹಾಕಿದರೆ ಸಾಕು ಎಂದು. ಅವರ ಪದ್ಧತಿ ಅವಳಿಗೆ ಚೆನ್ನಾಗಿ ಗೊತ್ತಿತ್ತಲ್ಲ.

ಅವರು ಬಹಳ ಇಳಿದುಹೋಗಿದ್ದರು. ಕಾಲಿಗೆ ಪಟ್ಟಿ ಸುತ್ತಿತ್ತು. ಪತ್ರವನ್ನು ಎರಡು ಸಲ ಓದಿದರು. ಮಡಚಿ ಪಕ್ಕಕ್ಕಿಟ್ಟರು. ಆಯಿತು, ಇನ್ನು ಏಳೋಣ ಎಂದು ನಾನು ಹುಲಿಗೆಮ್ಮನ ಕಡೆ ನೋಡಿದೆ.

“ಒಂದು ಖಾಲಿ ಹಾಳಿ ಕೊಡಾಕ ಹೇಳ್ರಿ” ಎಂದರು.

ಹೆಂಡತಿ ಹಾಳೆ ಪೆನ್ನು ತಂದರು. “ಝೆರಾಕ್ಸಿನವನ್ನ ಕರೀಲೇನ್ರಿ?”

“ಬ್ಯಾಡ. ಇದನ್ನ ನಾನಽ ಬರೀತೀನಿ.”

ಬರೆದರು. ಬಹಳ ಹೊತ್ತು ಹಿಡಿಯಿತು. ಇವತ್ತು ತಾರೀಕು ಏನು ಎಂದು ಕೇಳಿದರು. ‘ಉಪನ್ಯಾಸಕಿ’ ಎಂದು ಬರೆದು ಹೊಡೆದುಹಾಕಿ ಮತ್ತೆ ಬರೆದರು. ಒಂದು ಹಾಳೆಯಲ್ಲಿ ಎಷ್ಟು ಹಿಡಿಸುತ್ತದೆ ಎಂಬ ಅಂದಾಜೇ ತಪ್ಪಿಹೋಗಿತ್ತು. ಮೇಲೆ ದೊಡ್ಡ ಅಕ್ಷರ, ಕೆಳಗೆ ಹೋದಂತೆ ಸಣ್ಣದಾಗಿ, ಕೊನೆಯ ಸಾಲು ಅಂಚಿಗೆ ತಾಗಿ ಮೇಲಕ್ಕೆ ಬಾಗಿತ್ತು. ಇಂತಿಂಥ ವರ್ಷಗಳಲ್ಲಿ ನನ್ನ ತರಗತಿಗಳನ್ನು ನಾನು ತೆಗೆದುಕೊಳ್ಳಲಿಲ್ಲ, ಹುಲಿಗೆಮ್ಮ ತೆಗೆದುಕೊಂಡಳು, ನನಗಿಂತ ಚೆನ್ನಾಗಿ ತೆಗೆದುಕೊಂಡಳು ಎಂದಿತ್ತು. ಅಡಿಯಲ್ಲಿ ಇಕ್ಕಟ್ಟಾದ, ನಡುಗುವ, ಒಂದು ಸಣ್ಣ ಸಹಿ. ನಾನು ಅದನ್ನು ನೋಡಿದ್ದು ಅದೇ ಮೊದಲು.

ಇದು ಧೈರ್ಯವೋ, ಪರಿಣಾಮವನ್ನು ಯೋಚಿಸುವ ಕೆಲಸವನ್ನೂ ಯಾರಿಗೋ ಬಿಟ್ಟಿದ್ದರೋ, ನನಗೆ ಇವತ್ತಿಗೂ ನಿರ್ಧರಿಸಲಾಗಿಲ್ಲ. ಇನ್ನೊಂದು ಸಂಗತಿ ಇದೆ. ರಿಜಿಸ್ಟರಿನ ಸಹಿ ಹಾಕಿದ್ದು ಎರ್ರೆಪ್ಪ ಎಂಬುದನ್ನು ಅವರು ಬರೆಯಲಿಲ್ಲ. ಹುಲಿಗೆಮ್ಮ ಹೇಳುತ್ತಾಳೆ: “ನೀವಽ ಕೇಳಿದ್ರಲ್ರಿ ಸರ್, ಸೈನ್ ವಿಷ್ಯ ಬರ್ಯಂಗಿಲ್ಲೇನು ಅಂತ. ಅದಕ್ಕ ಅವ್ರು ತಲಿ ಎತ್ತಿ, ಎರ್ರೆಪ್ಪಂದು ಇನ್ನಾ ಎರಡು ವರ್ಷ ಸರ್ವೀಸ್ ಐತಿ ಅಂದ್ರು.” ನಾನು ಕೇಳಿದ್ದು ನನಗೆ ನೆನಪಿಲ್ಲ, ಅವರು ಹೇಳಿದ್ದೂ ನೆನಪಿಲ್ಲ. ಅವಳು ಹೇಳುವುದು ನಿಜವಾದರೆ ಆ ಮನುಷ್ಯನ ಬಗ್ಗೆ ನಾನು ಇಷ್ಟು ಹೊತ್ತು ಬರೆದದ್ದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಅವಳಿಗೆ ಉಪಕಾರದ ಭಾರವಿದೆ, ಅವಳ ನೆನಪೂ ಸೇರಿಸಿಕೊಂಡಿರಬಹುದು. ನಾನೇ ಮರೆತ ಮಾತಿನ ಶ್ರೇಯವನ್ನು ನಾನು ಅವರಿಗೆ ಕೊಡಲಾರೆ.

ಮಂಗಳವಾರ ಹುಲಿಗೆಮ್ಮ ಆ ಪತ್ರವನ್ನು ಮುಖ್ಯ ಕಚೇರಿಗೆ ಕೊಟ್ಟಳು. ಗುರುವಾರ ಅವರು ತೀರಿಕೊಂಡರು. ಮರುವಾರ ಕಚೇರಿಯಿಂದ ಕರೆ ಬಂತು.

ಗುಮಾಸ್ತರ ಮೇಜಿನ ಮೇಲೆ ಆರು ವರ್ಷದ ರಿಜಿಸ್ಟರುಗಳಿದ್ದವು. ಗುಮಾಸ್ತರು ಕೆಟ್ಟವರಲ್ಲ, ಕೆಲಸದಲ್ಲಿ ನಿಖರವಾದ ಮನುಷ್ಯ. ಪತ್ರವನ್ನು ಒಂದು ಪುಟದ ಪಕ್ಕದಲ್ಲಿಟ್ಟು ಬೆರಳಿನಿಂದ ತೋರಿಸಿದರು.

“ಇದು ಅವ್ರ ಸೈನ್ ಅಲ್ರಿ ಮೇಡಂ.”

“ಅವ್ರದಽ ರೀ” ಎಂದಳು ಹುಲಿಗೆಮ್ಮ. “ನಮ್ಮ ಕಣ್ಣ ಮುಂದಽ ಹಾಕಿದ್ರು.”

“ನಾನೂ ನೋಡೀನಿ” ಎಂದೆ ನಾನು.

“ನೀವು ಒಂದು ದಿನ ನೋಡೀರಿ ಸರ್. ಈ ಪುಸ್ತಕ ಆರು ವರ್ಷ ನೋಡ್ಯಾವು. ಪೆನ್ಶನ್ ಕಾಗದ ನೋಡ್ರಿ, ಅದರಾಗೂ ಇದಽ ಬಾಲ, ಇದಽ ಎರಡು ಚುಕ್ಕಿ. ಅವ್ರು ಜೀವಂತ ಇದ್ದಿದ್ರ ಕರದು ಕೇಳ್ತಿದ್ವಿ. ಸತ್ತವ್ರ ಹೆಸ್ರಿಲೆ ಹಿಂಗ ಕಾಗದ ತಂದ್ರ ಏನಂತಾರ ಗೊತ್ತೈತಲ್ಲ? ಕೇಸ್ ಆಕ್ಕತಿ.”

ಹುಲಿಗೆಮ್ಮ ನನ್ನ ಮುಖ ನೋಡಿದಳು. ಆ ಬಾಲ, ಆ ಚುಕ್ಕೆ ಎರ್ರೆಪ್ಪನವು ಎಂದು ಒಂದು ಮಾತು ಹೇಳಿದ್ದರೆ ಅವಳ ಕೆಲಸ ಉಳಿಯುತ್ತಿತ್ತು, ಅವನದು ಹೋಗುತ್ತಿತ್ತು. ನಾನು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಸೋಮವಾರದವರೆಗೆ ಗಡುವು ಕೊಟ್ಟರು. “ಸರಿಯಾದ ಸೈನ್ ಇರೋ ಪತ್ರ ಮನ್ಯಾಗ ಎಲ್ಲಾರ ಇದ್ರ ಹುಡ್ಕಿ ತರ್ರಿ.”

ಮೂವತ್ತು ವರ್ಷ ಯಾವ ಕೆಲಸವನ್ನೂ ಕೈಯಾರೆ ಮಾಡದ ಮನುಷ್ಯ ಕಡೆಗೊಂದು ಕೆಲಸವನ್ನು ಕೈಯಾರೆ ಮಾಡಿದರು. ಅದು ಅವರದಲ್ಲ ಎಂದಾಯಿತು. ನನಗೆ ಕನಿಕರ ಬರಲಿಲ್ಲ. ಕಚೇರಿಯ ಕಟ್ಟೆಯ ಮೇಲೆ ಕೂತು ಅವರನ್ನು ಬಾಯಿಗೆ ಬಂದಂತೆ ಬೈದೆ. ಹುಲಿಗೆಮ್ಮ ಬೈಯಲಿಲ್ಲ. ಅವಳು ಬೈಯದಿರುವುದು ಕಂಡು ಇನ್ನಷ್ಟು ಬೈದೆ.

ಭಾನುವಾರ ಕರೂರಿಗೆ ಹೋದೆವು. ಎರ್ರೆಪ್ಪ ಮನೆಯ ಮುಂದಿನ ರಸ್ತೆಯಲ್ಲಿ ಭತ್ತ ಹರವಿ ಕಾಲಿನಿಂದ ತಿರುವುತ್ತಿದ್ದ. ನಮ್ಮನ್ನು ಕಂಡು “ರಂಡಿ ಸಾರ್, ರಂಡಿ ಮೇಡಂ, ಬರ್ರಿ ಬರ್ರಿ” ಎಂದು ತೆಲುಗು ಕನ್ನಡ ಬೆರೆಸಿ ಕರೆದ. ಕೂರಲು ಹೊರಸು ಹಾಕಿದ. ಅವನ ಕೈಯಲ್ಲಿ ಆ ಗಡಿಯಾರ ಇತ್ತೋ ಇಲ್ಲವೋ ನಾನು ಗಮನಿಸಲಿಲ್ಲ.

ದಾರಿಯಲ್ಲೇ ಹುಲಿಗೆಮ್ಮ ಹೇಳಿದ್ದಳು: “ನೀವಽ ಕೇಳ್ರಿ ಸರ್. ನನ್ನ ಬಾಯಾಗ ಬರವಲ್ದು.” ಹಾಗಾಗಿ ನಾನೇ ಕೇಳಿದೆ. ಕುರುಗೋಡಿನಿಂದ ವಾಪಸ್ ತಂದಿದ್ದ ಟೈಪ್ ಮಾಡಿದ ಹಳೆಯ ಪತ್ರ ಅವಳ ಬ್ಯಾಗಿನಲ್ಲಿತ್ತು, ಸಹಿಯ ಜಾಗ ಖಾಲಿ ಇತ್ತು.

ಎರ್ರೆಪ್ಪ ಬೆಚ್ಚಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು ಪತ್ರ ತೆಗೆದುಕೊಂಡ. “ಯಾವ ವರ್ಷದ ಸೈನ್ ಬೇಕ್ರಿ ಮೇಡಂ? ಮೊದ್ಲು ಬಾಲ ಗಿಡ್ಡ ಇತ್ತು. ಆಮ್ಯಾಲ ಉದ್ದ ಬಿಟ್ಟೆ. ನನ್ನ ಕಣ್ಣಿನ ಆಪರೇಷನ್ ಆದ ವರ್ಷದ್ದು ಚುಕ್ಕಿ ಸ್ವಲ್ಪ ದೂರ ಬೀಳ್ತಾವು.”

“ಕೊನೀ ವರ್ಷದ್ದು” ಎಂದೆ.

“ಸರ್ ಸತ್ತಾರಲ್ರಿ?” ಎಂದ, ಪೆನ್ನು ಎತ್ತಿ ಹಿಡಿದು. “ಬದುಕಿದ್ದಾಗ ಎಷ್ಟೋ ಹಾಕೀನಿ. ಸತ್ತ ಮ್ಯಾಲ ಇದಽ ಮೊದ್ಲು.” ಹಾಕಿದ. ದೊಡ್ಡ ಮೊದಲಕ್ಷರ, ಉದ್ದ ಬಾಲ, ಎರಡು ಚುಕ್ಕೆ. ಅವರು ಬದುಕಿದ್ದ ಆ ಸೋಮವಾರದ ತಾರೀಕನ್ನೂ ಅವನೇ ಹಾಕಿದ. ಒಣಗಲೆಂದು ಊದಿದ. ಹುಲಿಗೆಮ್ಮ ಪತ್ರ ಈಸಿಕೊಂಡು ಬ್ಯಾಗಿನಲ್ಲಿಟ್ಟಳು.

ಸೋಮವಾರ ಗುಮಾಸ್ತರು ಅದನ್ನು ರಿಜಿಸ್ಟರಿನ ಪಕ್ಕದಲ್ಲಿಟ್ಟು ನೋಡಿ ತಲೆದೂಗಿದರು. “ಈಗ ಬರೋಬ್ಬರಿ ಕೂಡ್ತು ನೋಡ್ರಿ. ಇದನ್ನ ಮೊದಲಽ ತಂದಿದ್ರ ಇಷ್ಟು ರಗಳಿ ಇರ್ತಿದ್ದಿಲ್ಲ.” ಠಸ್ಸೆ ಒತ್ತಿದರು. ಆಮೇಲೆ ಕಡತದಿಂದ ಕೈಬರಹದ ಪತ್ರವನ್ನು ಹೊರಗೆ ತೆಗೆದರು.

“ಇದಕ್ಕ ಆವಕ ನಂಬರ್ ಬಿದ್ದೈತಿ. ಹರದು ಒಗ್ಯಾಕ ಬರಂಗಿಲ್ಲ. ಇದರ ಮ್ಯಾಲ ನೀವು ಬರೀರಿ ಮೇಡಂ: ಇದು ಸದರಿ ಉಪನ್ಯಾಸಕರ ಕೈಬರಹವಲ್ಲ, ತಪ್ಪಿನಿಂದ ಲಗತ್ತಿಸಲಾಗಿದೆ. ಕೆಳಗ ಸೈನ್.”

ಹುಲಿಗೆಮ್ಮ ಪೆನ್ನು ಹಿಡಿದು ಆ ಹಾಳೆಯನ್ನು ನೋಡುತ್ತ ಕೂತಳು. ಬರೆಯಲು ಜಾಗವೇ ಇರಲಿಲ್ಲ; ಅಂಚಿನಿಂದ ಅಂಚಿನವರೆಗೆ ಅವರು ತುಂಬಿಸಿಬಿಟ್ಟಿದ್ದರು. ‘ನನಗಿಂತ ಚೆನ್ನಾಗಿ ತೆಗೆದುಕೊಂಡಳು’ ಎಂಬ ಸಾಲಿನ ಮೇಲೆ ಅವಳ ಬೆರಳು ನಿಂತಿತ್ತು.

“ಹಿಂದುಗಡಿ ಬರೀಲೇನ್ರಿ?”

“ಇಲ್ರಿ. ಮುಂದಽ ಇರ್ಬೇಕು.”

ಅವಳು ಹಾಳೆಯನ್ನು ಅಡ್ಡ ತಿರುಗಿಸಿದಳು. ಎಡಗಡೆಯ ಸಣ್ಣ ಅಂಚಿನಲ್ಲಿ, ಅವರ ಒಂದು ಅಕ್ಷರಕ್ಕೂ ತಾಗದಂತೆ, ಮಣಿಯಂಥ ಅಕ್ಷರಗಳಲ್ಲಿ ಗುಮಾಸ್ತರು ಹೇಳಿದ್ದನ್ನು ಹೇಳಿದ ಹಾಗೆ ಬರೆದಳು. ತನ್ನ ಪೂರ್ತಿ ಹೆಸರು ಹಾಕಿದಳು. ಸಾಕ್ಷಿ ಎಂದು ನನ್ನದೂ ಒಂದು ಸಹಿ ಬೇಕೆಂದರು. ಹಾಕಿದೆ.

ಹೊರಗೆ ಬಂದಾಗ ಬಿಸಿಲು ಜೋರಾಗಿತ್ತು. ಅವಳು ಅತ್ತಳು ಎಂದು ಬರೆಯಲು ನನ್ನ ಕೈ ತಾನಾಗಿಯೇ ಹೋಗುತ್ತಿದೆ. ಅಳಲಿಲ್ಲ. ಸೆರಗಿನಿಂದ ಬೆರಳಿನ ಮಸಿ ಒರೆಸಿಕೊಂಡಳು.

“ನಾಳಿಂದ ರಿಜಿಸ್ಟರಿನ್ಯಾಗ ಹದಿನಾರೂ ತಾಸು ನಾನಽ ಸೈನ್ ಮಾಡ್ತೀನ್ರಿ ಸರ್” ಎಂದಳು. “ಮಹಡಿ ಮ್ಯಾಲಿಂದೂ.”

ಸಿರುಗುಪ್ಪದ ಬಸ್ಸಿಗೆ ಹೊತ್ತಾಗಿತ್ತು. ಅವಳೇ ಕೈ ಎತ್ತಿ ಆಟೊ ನಿಲ್ಲಿಸಿದಳು.